ಅಜ್ಜಿಯ ಎಡಗಡೆಯ ಜಾಗ

ಒಪ್ಪಿಕೊಳ್ಳಬಾರದಿತ್ತೇನೋ. ಸ್ಟ್ಯಾಂಡಿಗೆ ಕ್ಯಾಮೆರಾ ಬಿಗಿಯುತ್ತಾ ಫೋಟೋಗ್ರಾಫರ್ ಮತ್ತೆ ಅದನ್ನೇ ಯೋಚಿಸಿದ. ಈಗಲೂ ಕಾರು ಹತ್ತಿ ಹೊರಟುಬಿಡಬಹುದು. ಆದರೆ ಫೋನಿನಲ್ಲಿ ಕೇಳಿದ ಅಜ್ಜಿಯ ದನಿ ಕಿವಿ ಬಿಟ್ಟು ಹೋಗಿರಲಿಲ್ಲ: "ನನ್ನವರೆಲ್ಲ ಇರೋ ಒಂದು ಫೋಟೋ ಬೇಕು. ಒಬ್ಬರೂ ತಪ್ಪಬಾರದು. ಕಣ್ಣು ಪೂರ್ತಿ ಹೋಗೋದ್ರೊಳಗೆ ನೋಡ್ಬೇಕು."

ಲ್ಯಾವೆಂಡರ್ ಹೂವಿನ ಸಾಲುಗಳ ನಡುವೆ, ದ್ರಾಕ್ಷಿ ತೋಟಕ್ಕೆ ಬೆನ್ನು ಮಾಡಿ ಮರದ ಬೆಂಚು ಹಾಕಿಸಿದ್ದ. ಹುಲ್ಲಲ್ಲಿ ಮುಚ್ಚಿಹೋಗಿದ್ದ ನೀರಿನ ಪೈಪನ್ನು ಅವನು ನೋಡದೆಯೇ ದಾಟಿದ. ಹಿಂದೆ ಬಂದ ಸೊಸೆ ಎಡವಿದಳು.

ಅಜ್ಜಿಯ ಮಡಿಲಲ್ಲಿ ತೀರಿಹೋದ ಗಂಡನ ಕಟ್ಟು ಹಾಕಿಸಿದ ಫೋಟೋ. ಬಲಕ್ಕೆ ಹಿರಿಯ ಮಗ, ಸೊಸೆ. ಹಿಂದೆ ಮೊಮ್ಮಕ್ಕಳು. ಎಡಗಡೆ ಒಬ್ಬರು ಕೂರುವಷ್ಟು ಜಾಗ ಖಾಲಿ.

"ಸರಿದು ಕೂರಮ್ಮ," ಎಂದ ಮಗ. "ಹಲ್ಲು ಬಿದ್ದ ಬಾಯಿ ಹಾಗೆ ಕಾಣ್ತಿದೆ."

"ನನ್ನ ಬಾಯೂ ಹಾಗೇ ಇದೆ. ಇರ್ಲಿ ಬಿಡು."

"ನೀವಾದ್ರೂ ಹೇಳ್ರೀ."

"ಅವರಿಗೆ ಬೇಕಾದ ಹಾಗೆ ಕೂರ್ಲಿ," ಎಂದ ಫೋಟೋಗ್ರಾಫರ್.

ಮಗನ ದನಿ ಏರಿತು. "ಆ ಜಾಗ ಯಾರಿಗೆ ಅಂತ ನಂಗೊತ್ತಿಲ್ವಾ? ಕೊಯ್ಲಿನ ಮಧ್ಯೆ ತೋಟ ಬಿಟ್ಟು ಹೋದೋನಿಗೆ. 'ನನ್ನ ಸಂಸಾರದ ಫೋಟೋದಲ್ಲಿ ಅವನು ಕೂರಬಾರದು' ಅಂತ ಅಪ್ಪ ಹೇಳಿ ಹೋಗಿದ್ದಾರೆ. ನಾನಿರೋವರೆಗೂ ಕೂರಲ್ಲ."

"ಕೂರಲ್ಲ ಅಂತ ನಾನೂ ಮಾತು ಕೊಟ್ಟಿದ್ದೀನಲ್ಲಪ್ಪ. ಕೂತಿದ್ದಾನಾ? ನೋಡು."

ಮೊಮ್ಮಕ್ಕಳು ಗೇಟಿನ ಕಡೆ ಕತ್ತು ಹೊರಳಿಸಿದರು. ಅಜ್ಜಿ ಮಾತ್ರ ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ.

ಸಾಮಾನ್ಯವಾಗಿ ಫೋಟೋಗ್ರಾಫರ್ ಸೂರ್ಯನನ್ನು ಜನರ ಬೆನ್ನಿಗೆ ಬಿಡುತ್ತಿದ್ದ; ಆಗ ಹೂಗಳು ಹೊಳೆಯುತ್ತವೆ. ಇಂದು ಬೆಂಚನ್ನು ಸೂರ್ಯನಿಗೇ ಎದುರು ಮಾಡಿದ್ದ.

"ಬೇಗ ತೆಗೀರಿ," ಎಂದ ಮಗ.

"ಬೆಳಕು ಇನ್ನೂ ಬಂದಿಲ್ಲ."

"ಕಣ್ಣಿಗೇ ಹೊಡೀತಿದೆ, ಇನ್ನೂ ಬಂದಿಲ್ವಂತೆ!"

ಸೊಸೆ ಗಂಡನ ಕಿವಿಯಲ್ಲಿ ಪಿಸುಗುಟ್ಟಿದಳು. "ಇವರಿಗೇನಾಗಿದೆ? ನನ್ನ ತಂಗಿ ಮನೆಯವರ ಫೋಟೋ ತೆಗೆದಾಗ ಅಮ್ಮಾ ನಗಿ, ಅಕ್ಕಾ ಕತ್ತೆತ್ತಿ ಅಂತ ಎಲ್ಲರನ್ನೂ ನಗಿಸಿದ್ರು. ಇಲ್ಲಿ ಮುಖ ಗಂಟು ಹಾಕ್ಕೊಂಡಿದ್ದಾರೆ."

"ಬಂದ ಕೆಲಸ ಮುಗಿಸಿ ಹೋದ್ರೆ ಸಾಕು," ಮಗ ಬೇಕೆಂದೇ ಗಟ್ಟಿಯಾಗಿ ಹೇಳಿದ. "ಕ್ಯಾಮೆರಾ ಹಿಂದಿನೋರು ಹಿಂದೇ ಇದ್ರೆ ಚೆಂದ."

"ಹಿಂದೇ ಇದ್ದೀನಿ."

ಸೂರ್ಯ ಇಳಿದ. ಫೋಟೋಗ್ರಾಫರ್ ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಕೂದಲು ಸರಿಮಾಡಿಕೊಂಡ. ತಾನೇ ಫೋಟೋಗೆ ನಿಂತವನ ಹಾಗೆ ಭುಜ ನೇರ ಮಾಡಿ ಗುಂಡಿ ಒತ್ತಿದ.

ಮಗ ಎದ್ದು ಬಂದು ಕ್ಯಾಮೆರಾದ ಪರದೆ ನೋಡಿದ. ಮುಖ ಕಪ್ಪಿಟ್ಟಿತು.

"ನೆರಳು ಬಿದ್ದಿದೆ! ಇವತ್ತೇ ಕ್ಯಾಮೆರಾ ಹಿಡಿದೋರೂ ಇಂಥ ತಪ್ಪು ಮಾಡಲ್ಲ. ಅಳಿಸಿ."

"ಅಳಿಸಲ್ಲ."

"ಏನಂದ್ರಿ?"

"ಅಳಿಸಲ್ಲ ಅಂದೆ. ನಾನು ಹಿಂದೇ ಇದ್ದೆ. ಕೂತಿಲ್ಲ."

"ಇಲ್ಲಿ ತನ್ನಿ," ಎಂದಳು ಅಜ್ಜಿ. ಪರದೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು. ಬೆಂಚಿನ ಖಾಲಿ ಜಾಗದಲ್ಲಿ ಉದ್ದನೆಯ ನೆರಳೊಂದು ಬೆನ್ನೊರಗಿ ಕೂತಿತ್ತು. ಅದರ ಭುಜ ಅವಳ ಭುಜಕ್ಕೆ ತಾಗಿತ್ತು. ಅಜ್ಜಿ ಅದರ ಮೇಲೆ ಬೆರಳಾಡಿಸಿದಳು.

"ಈಗ ಸರಿಯಾಯ್ತು. ಎಲ್ಲರೂ ಇದ್ದಾರೆ." ಮಡಿಲಲ್ಲಿದ್ದ ಗಂಡನ ಫೋಟೋವನ್ನು ಪರದೆಯ ಪಕ್ಕ ಹಿಡಿದಳು. "ನೋಡಿದ್ರಾ? ನಿಮ್ಮ ಹಾಗೇ ಅಗಲ ಭುಜ."

ಸೊಸೆ ಗಂಡನ ಮುಖ ನೋಡಿದಳು. ತಮ್ಮ ಬರುವುದಾದರೆ ಬಾಡಿಗೆಯವನ ಹಾಗೆ ಬರಬೇಕು, ಯಾರನ್ನೂ ಸಂಬಂಧ ಹಿಡಿದು ಕರೆಯಬಾರದು, ಫೋಟೋದಲ್ಲಿ ಕೂರಬಾರದು: ಷರತ್ತು ಹಾಕಿದವನು ಅವನೇ. ನೆರಳಿನ ಮಾತು ಅದರಲ್ಲಿ ಇರಲಿಲ್ಲ.

ಫೋಟೋಗ್ರಾಫರ್ ಸ್ಟ್ಯಾಂಡು ಮಡಚಿದ. ಹುಲ್ಲಿನಲ್ಲಿದ್ದ ಪೈಪನ್ನು ದಾಟಿ, ತಿರುಗಿ ನೋಡದೆ ಕಾರಿನ ಕಡೆ ನಡೆದ.

ಊರಿನ ತಾಯಂದಿರನ್ನೆಲ್ಲ 'ಅಮ್ಮಾ' ಎಂದು ಕರೆದು ನಗಿಸುತ್ತಿದ್ದವನು, ಆ ಸಂಜೆ ಒಮ್ಮೆಯೂ ಆ ಮಾತು ಆಡಲಿಲ್ಲ.