ನಮ್ಮವರ ಗೆರೆ

ಬಿಳಿ ಗೆರೆಗಳಿದ್ದ ಕಪ್ಪು ಫೋಟೋವನ್ನು ಸೆರಗಿನಿಂದ ಒರೆಸಿ ಓಬಳಮ್ಮ ಕೇಳಿದಳು, "ಇದ್ರಲ್ಲಿ ನಮ್ಮವರು ಯಾವ್ದಮ್ಮ?"

ಆಪರೇಷನ್ ನಡೆಯುವಾಗಲೇ ತೀರಿಕೊಂಡ ಅವಳ ಗಂಡನ ಹೊಟ್ಟೆಯ ಗಡ್ಡೆಯನ್ನು ಪರೀಕ್ಷಿಸಿದ್ದ ಗೌತಮಿ, ಆ ಫೋಟೋ ತೋರಿಸಲೆಂದೇ ಲ್ಯಾಬಿನಿಂದ ಸಾದಲಿ ಊರಿನ ಅವಳ ಮನೆಗೆ ಬಂದಿದ್ದಳು. "ಇದು ಗುಡ್ಡದ ನರೀಲಿ ಸಿಕ್ಕ ಹುಳದ ಡಿಎನ್‌ಎ. ಪಕ್ಕದ್ದು ನಿಮ್ಮ ಯಜಮಾನ್ರ ಗಡ್ಡೇಲಿದ್ದ ಹುಳದ್ದು. ಎರಡೂ ಒಂದೇ. ಆದ್ರೆ ಗೆರೆ ಹುಳದ್ದಮ್ಮ, ಅವರದ್ದಲ್ಲ."

ಓಬಳಮ್ಮ ನರಿಯ ಗೆರೆಯನ್ನು ಹೆಬ್ಬೆರಳಿನಿಂದ ಮುಚ್ಚಿ, ಉಳಿದದ್ದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಲೇ ನಿಂತಳು.

"ಅವರನ್ನ ತಿಂದಿದ್ದೇ ಇದು," ಎಂದಳು ಗೌತಮಿ ಮೆಲ್ಲಗೆ.

"ಇರ್ಲಿ ಬಿಡಮ್ಮ. ಉಸಿರು ಹೋಗೋವಾಗ ಇದಾದ್ರೂ ಅವರ ಜೊತೇಲಿತ್ತು. ನನ್ನನ್ನ ಬಾಗಿಲಾಚೆ ಕೂರ್ಸಿದ್ರು."