ಡಾಕ್ಟರು ಮುರಿದುಕೊಟ್ಟ ರೊಟ್ಟಿ

ಆರ್ಮೇನಿಯಾದ ಆ ಊರಿನಿಂದ ಪರದೇಶಕ್ಕೆ ಹೊರಟವರು ಕಲಿತ ವಿದ್ಯೆಯನ್ನೆಲ್ಲ ಒಂದು ತುಂಡು ರೊಟ್ಟಿಯಲ್ಲಿ ಬಿಟ್ಟು ಹೋಗಬೇಕಿತ್ತು. ಅದನ್ನು ತಿಂದವರಿಗೆ ಆ ವಿದ್ಯೆ. ರೊಟ್ಟಿ ಸುಡುವ ಶೋಘಿಕಜ್ಜಿಗೆ ಬೀಜಗಣಿತ ಬಂದದ್ದು ಹಾಗೆ, ಸೇತುವೆ ರಿಪೇರಿ ಬಂದದ್ದೂ ಹಾಗೆ. ಒಲೆ ನೋಡಿಕೊಳ್ಳುತ್ತಲೇ ಶಾಲೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದಳು.

ಇವತ್ತು ಊರಿಗಿದ್ದ ಒಬ್ಬಳೇ ಡಾಕ್ಟರು ನ್ವಾರ್ದ್ ಫ್ರಾನ್ಸಿಗೆ ಹೊರಟಿದ್ದಳು. ಅವಳು ಮುರಿದುಕೊಟ್ಟ ತುಂಡನ್ನು ಅಜ್ಜಿ ಕುತೂಹಲದಿಂದ ಅಗಿದು ನೋಡಿದಳು. ವೈದ್ಯವಿದ್ಯೆ ಕೊಂಚ ಉಪ್ಪುಪ್ಪಾಗಿತ್ತು. ನುಂಗಿದ್ದೇ ತಡ, ಅಜ್ಜಿಯ ಕೈ ತಾನಾಗಿ ನ್ವಾರ್ದಳ ನಾಡಿ ಹಿಡಿಯಿತು.

"ಎದೆ ಹೀಗೆ ಹೊಡ್ಕೋತಿದೆಯಲ್ಲ ಮಗಳೇ, ಎಷ್ಟು ದಿನದಿಂದ?"

ಹತ್ತು ವರ್ಷ ವೈದ್ಯಕೀಯ ಓದಿದ್ದ ನ್ವಾರ್ದ್ ಸೂಟ್‌ಕೇಸು ಕೆಳಗಿಟ್ಟು, ಅಜ್ಜಿಯ ಮುಖವನ್ನೇ ನೋಡಿದಳು.

"ಏನಾಗಿದೆ ಅಜ್ಜಿ ನನಗೆ?"