ಕೆಂಪು ಗಾಜು

ಗುಡ್ಡದ ಕೆಳಗಿನ ಕಮರಿಯಲ್ಲಿ ಕುರಿಗಾಹಿಗಳಿಗೆ ಮೂಳೆಗಳು ಸಿಕ್ಕ ದಿನ, ಯುದ್ಧದಲ್ಲಿ ಜರ್ಮನ್ನರು ಊರು ಸುಟ್ಟ ದಿನ ಕಾಣೆಯಾಗಿದ್ದ ಲಾಂಬ್ರೋಸ್ ಸತ್ತು ಹದಿನೈದು ವರ್ಷವಾಗಿದೆಯೆಂದು ಊರಿಗೆ ತಿಳಿಯಿತು. ಕೊರಳ ಶಿಲುಬೆಯಿಂದ ಗುರುತು ಹಿಡಿದರು. ಪಕ್ಕದಲ್ಲಿ ಜರ್ಮನ್ ಅಕ್ಷರಗಳಿದ್ದ ಕಬ್ಬಿಣದ ಪೆಟ್ಟಿಗೆ ಬಿದ್ದಿತ್ತು. ಅದರ ಮುಂಭಾಗದಲ್ಲಿ ಎರಡು ದೊಡ್ಡ ಗಾಜಿನ ಕಣ್ಣುಗಳು. ಒಂದು ಒಡೆದಿತ್ತು.

ಅಣ್ಣ ಸ್ಟೆರ್ಯೋಸನಿಗೆ ಅಳುವುದಕ್ಕೂ ಬಿಡುವು ಕೊಡಲಿಲ್ಲ ಊರು.

"ನೋಡಪ್ಪ," ಎಂದ ಕಾಫಿ ಅಂಗಡಿಯ ಮಿಲ್ತೋಸ್. "ಊರು ಸುಟ್ಟ ದಿನ ಊರಲ್ಲಿದ್ದ ಒಂದೇ ಕೋವೀಲಿ ಗುಡ್ಡದ ಮೇಲಿನ ಜರ್ಮನ್ನರಿಗೆ ಗುಂಡು ಹಾರಿಸಿದೋನು ನೀನು. ನಿನ್ನ ತಮ್ಮ ನೋಡಿದ್ರೆ ಅವರ ಪೆಟ್ಟಿಗೆ ಹೊತ್ತೋನು."

"ಹೇಸರಗತ್ತೆ ಸಮೇತ ಅವನನ್ನ ಎಳ್ಕೊಂಡು ಹೋಗಿದ್ರು ಕಣೋ."

"ಎಳೆದ್ರೋ, ತಾನೇ ಹೋದನೋ."

ಪಾದ್ರಿಗಳೂ ಕೈಯಲ್ಲಾಡಿಸಿದರು. ಊರು ಒಪ್ಪದೆ, ಸತ್ತವರಿಗಾಗಿ ಪ್ರಾರ್ಥಿಸುವ ಆತ್ಮಗಳ ಶನಿವಾರ ದ್ರೋಹಿಯ ಹೆಸರು ಓದಲಾರೆನೆಂದರು. ತಮ್ಮನ ಹೆಸರಲ್ಲಿ ತಂದಿದ್ದ ಬೇಯಿಸಿದ ಗೋಧಿಯ ತಟ್ಟೆಯನ್ನು ಸ್ಟೆರ್ಯೋಸ್ ಚರ್ಚಿನ ಹೊಸಿಲಲ್ಲೇ ಕುಕ್ಕಿ, ಪೆಟ್ಟಿಗೆ ಹೊತ್ತು ಹೊರಟ.

ಪೇಟೆಯಲ್ಲಿ ಅಂದ್ರಿಕೋಸ್ ಇದ್ದ, ಸೈನ್ಯದಲ್ಲಿ ಸುದ್ದಿ ರವಾನಿಸುವ ಸಂಕೇತ ದಳದ ನಿವೃತ್ತ ಹವಾಲ್ದಾರ. ಪೆಟ್ಟಿಗೆಯನ್ನು ಬಹಳ ಹೊತ್ತು ತಿರುಗಿಸಿ ನೋಡಿದ.

"ದೀಪದ ಟೆಲಿಫೋನು, ಯಜಮಾನ್ರೇ. ತಂತಿ ಇಲ್ಲ. ಮಾತನ್ನ ಬೆಳಕಿಗೆ ಹತ್ತಿಸಿ ಆಚೆ ಗುಡ್ಡಕ್ಕೆ ಕಳಿಸೋರು. ನಾನೂ ಮುಟ್ತಿರೋದು ಇದೇ ಮೊದಲು."

"ನನ್ನ ತಮ್ಮ ಇದರಲ್ಲಿ ಊರಿನ ಸುದ್ದಿ ಕೊಟ್ನಾ? ಅಷ್ಟು ಹೇಳು."

"ಇಲ್ಲೊಂದು ಕೆಂಪು ಗಾಜು ಇರಬೇಕಿತ್ತಲ್ಲ."

ಸ್ಟೆರ್ಯೋಸ್ ಅದನ್ನು ಜೇಬಿನಿಂದ ತೆಗೆದ. "ತಮ್ಮನ ಮೂಳೆ ಜೊತೆ ಸಿಕ್ಕ ಹೊಗೆಸೊಪ್ಪಿನ ಡಬ್ಬೀಲಿತ್ತು."

ಅಂದ್ರಿಕೋಸ್ ಕನ್ನಡಕ ಸರಿಮಾಡಿಕೊಂಡ. "ಹೊತ್ತು ಮುಳುಗಿದ ಮೇಲೆ ಜರ್ಮನ್ನರು ಇದನ್ನ ಖಂಡಿತ ತೆಗೀತಿರಲಿಲ್ಲ. ಇದಿದ್ರೆ ಬೆಳಕು ದೂರದೋರ ಬರಿಗಣ್ಣಿಗೆ ಕಾಣಲ್ಲ. ಊರು ಸುಟ್ಟ ದಿನ ನಿಮಗೆ ಬೆಳಕು ಕಂಡಿತ್ತಾ?"

"ಮುಸ್ಸಂಜೆ, ಗುಡ್ಡದ ತುದೀಲಿ. ಜರ್ಮನ್ನರು ಬಂದ್ರು ಅಂತ ಹೆಂಗಸ್ರು ಮಕ್ಕಳೆಲ್ಲ ಕಾಡಿಗೆ ಓಡಿದ್ರು."

"ಓಡಲಿ ಅಂತಲೇ ನಿಮ್ಮ ತಮ್ಮ ತೋರಿಸಿದಾನೆ. ಗಾಜು ಬಿಚ್ಚಿ, ದೀಪಾನ ನಿಮ್ಮ ಕಡೆ ತಿರುಗಿಸಿ."

ಸ್ಟೆರ್ಯೋಸ್ ಮೇಜು ಗುದ್ದಿದ. "ಬರೆದುಕೊಡು. ಮಿಲ್ತೋಸನ ಬಾಯಿಗೆ ತುರುಕ್ತೀನಿ. ಅವನ ಮೂರು ಮಕ್ಕಳೂ ಆ ಕಾಡಲ್ಲೇ ಬದುಕಿದ್ದು. ಪಾದ್ರಿಗಳಿಗೂ ಓದಿ ಹೇಳ್ತೀನಿ. ನಾಲಿಗೆ ಹರಿಬಿಟ್ಟ ಒಬ್ಬೊಬ್ಬನೂ ನನ್ನ ತಮ್ಮನ ಗೋರಿ ಮುಂದೆ ಮಂಡಿಯೂರಬೇಕು."

ಅಂದ್ರಿಕೋಸ್ ಬರೆದು, ಸಹಿ ಹಾಕಿ, ಕಾಗದ ಚಾಚಿದ. ಆಮೇಲೆ ಪೆಟ್ಟಿಗೆಯ ಒಡೆದ ಕಣ್ಣಿನೊಳಗೆ ಪೆನ್ಸಿಲ್ ತೂರಿಸಿದ. ಅದು ಹಿಂದಿನ ತಗಡಿನ ತೂತಿನಿಂದ ಹೊರಬಂತು.

"ಗುಂಡು ನೇರವಾಗಿ ದೀಪಕ್ಕೇ ಬಿದ್ದಿದೆ, ಬೆಳಕು ತಿರುಗಿದ್ದ ಕಡೆಯಿಂದ. ಹಿಂದೆ ನಿಂತೋನು ಉಳಿಯೋ ಹಾಗಿಲ್ಲ. ಇದು ಜರ್ಮನ್ನರ ಕೆಲಸ ಅಲ್ಲ, ಯಜಮಾನ್ರೇ. ನಿಮ್ಮೂರಿಂದ ಯಾರು ಹೊಡೆದ್ರು?"

ಸ್ಟೆರ್ಯೋಸ್ ಕಾಗದಕ್ಕೆ ಕೈ ಚಾಚಲಿಲ್ಲ. ಟೋಪಿ ತೆಗೆದು, ನಿಧಾನವಾಗಿ ಶಿಲುಬೆಯ ಗುರುತು ಮಾಡಿಕೊಂಡ.

"ಸ್ವಾಮೀ, ನಾನು ಕೊಂದ ನನ್ನ ತಮ್ಮ ಲಾಂಬ್ರೋಸನ ಆತ್ಮಕ್ಕೆ ಶಾಂತಿ ಕೊಡು."